ಮಾವನ ಕವಾಯತು

ದಿನವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತು ನಿಂತು ಸೊಸೆಯ ಕಾಲು ಮರಗಟ್ಟಿತ್ತು. ಮೂರನೆಯ ಮಹಡಿಯವರೆಗೆ ಹತ್ತಿ ಬಂದವಳು ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳಷ್ಟೆ. ಇನ್ನೊಂದನ್ನು ಬಿಡುವ ಮೊದಲೇ ಒಳಗಿನಿಂದ ಮಾವನ ದನಿ ಬಂತು.

"ಮೊಬೈಲ್ ಚಾರ್ಜರ್‌ನ ಬೆಳಿಗ್ಗೆ ಹಾಗೇ ಗೋಡೇಲಿ ಬಿಟ್ಟು ಹೋದೋರು ಯಾರಮ್ಮಾ?"

ಯಾರೆಂದು ಮಾವನಿಗೆ ಚೆನ್ನಾಗಿ ಗೊತ್ತು. ಗಂಡ ಬಸ್ಸಿನ ಡ್ರೈವರು, ಬೆಳಕು ಹರಿಯುವ ಮೊದಲೇ ಡಿಪೋ ಸೇರುವವನು. ಮಗಳು ಗುಬ್ಬಿ ಇನ್ನೂ ಶಾಲೆಗೆ ಹೋಗುವ ಹುಡುಗಿ, ಅವಳಿಗೆ ಮೊಬೈಲ್ ಕೊಡಿಸಿಲ್ಲ. ಉಳಿದವಳು ಇವಳೊಬ್ಬಳೇ. ಆದರೂ ಕೇಳಬೇಕು, ಇವಳ ಬಾಯಿಂದಲೇ ಉತ್ತರ ಬರಬೇಕು, ಆಮೇಲೆ ಮುಂದಿನ ಪಾಠ ಶುರುವಾಗಬೇಕು.

"ನಾನೇ ಮಾವ. ಮರೆತುಹೋಯ್ತು."

"ನಿನಗೆ ಮರೆತುಹೋಗುತ್ತೆ. ಬೆಂಕಿಗೆ ಮರೆಯಲ್ಲ."

ಈ ಮಾತನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಾಳೆ. ಮೊದಮೊದಲು ಹೌದಲ್ಲ ಎನಿಸುತ್ತಿತ್ತು, ಆಮೇಲೆ ನಗು ಬರುತ್ತಿತ್ತು, ಈಗ ಎರಡೂ ಇಲ್ಲ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಸಂಜೆಯ ಹೊತ್ತಿಗೆ ಅದೂ ಅವಳಲ್ಲಿ ಉಳಿದಿರುತ್ತಿರಲಿಲ್ಲ. ಇನ್ನೊಂದು ಚಪ್ಪಲಿ ಬಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಅಡುಗೆಮನೆಗೆ ಹೋದಳು.

ಮಾವ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಏಣಿ ಹತ್ತಿದವರು, ಹೊಗೆ ಕುಡಿದವರು, ಎಷ್ಟೋ ಜನರನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸಿದವರು. ಕೆಲಸದಲ್ಲಿದ್ದಷ್ಟು ಕಾಲ ಅವರ ಕಣ್ಣು ಇಡೀ ಊರಿನ ಮೇಲಿತ್ತು. ನಿವೃತ್ತರಾದ ಮೇಲೆ ಅಷ್ಟೂ ನೋಟ ಒಟ್ಟಿಗೆ ಈ ಪುಟ್ಟ ಮನೆಯ ಮೇಲೆ ಬಿತ್ತು. ಪಾಪ, ಮನೆ ತಾನೇ ಏನು ಮಾಡೀತು! ಅಡುಗೆಮನೆಯ ಕಿಟಕಿಯ ಪರದೆ ಅರ್ಧಕ್ಕೆ ಕತ್ತರಿಸಿಕೊಂಡಿತು. ಒಲೆಯ ಪಕ್ಕ ನೇತಾಡುತ್ತಿದ್ದ ಕೈಬಟ್ಟೆ ಬಾಗಿಲ ಹಿಂದಕ್ಕೆ ಗಡೀಪಾರಾಯಿತು. ಬಾಣಲೆಯ ಹಿಡಿ ಯಾವಾಗಲೂ ಗೋಡೆಯ ಕಡೆಗೇ ತಿರುಗಿರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲೆಂದು ಒಂದು ದೊಡ್ಡ ತಟ್ಟೆ ಒಲೆಯ ಹತ್ತಿರವೇ ನಿಂತಿರಬೇಕು, ಅದರಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಂದ್. ಫ್ರಿಜ್ಜಿನ ಹಿಂದೆ ಧೂಳು ಕೂತರೆ ಮಾವನ ಮೂಗಿಗೆ ಹೇಗೋ ವಾಸನೆ ಹೋಗುತ್ತಿತ್ತು. ಕರೆಂಟು ಹೋದ ಸಂಜೆ ಮೇಣದಬತ್ತಿ ಹಚ್ಚಿದವಳು ಆ ಮೇಣದಬತ್ತಿಯ ಮುಂದೆಯೇ ಕೂತು ಅದು ಕರಗುವವರೆಗೂ ಭಾಷಣ ಕೇಳಬೇಕಾಗಿತ್ತು.

ತಪ್ಪೇನೂ ಹೇಳುತ್ತಿರಲಿಲ್ಲ ಮಾವ. ಅದೇ ಕಷ್ಟವಾಗಿತ್ತು. ತಪ್ಪು ಹೇಳುವವರ ಜೊತೆ ಜಗಳವಾದರೂ ಆಡಬಹುದು, ಸರಿಯಾದದ್ದನ್ನೇ ದಿನಾ ಹೇಳುವವರ ಜೊತೆ ಏನು ಮಾಡುವುದು? ಗಂಡನಿಗೆ ಹೇಳಿದರೆ ಅವನು ಅನ್ನದ ತಟ್ಟೆಯಿಂದ ತಲೆ ಎತ್ತದೆ, "ನಾನು ಹುಟ್ಟಿದಾಗಿಂದ ಅನುಭವಿಸ್ತಿದೀನಿ, ನೀನು ಮೊನ್ನೆ ಮೊನ್ನೆ ಬಂದೋಳು," ಎಂದು ಕೈ ತೊಳೆದುಕೊಂಡುಬಿಡುತ್ತಿದ್ದ. ಬೀದಿಯ ಮಕ್ಕಳು ಮಾವನಿಗೆ ಬೆಂಕಿತಾತ ಎಂದು ಹೆಸರಿಟ್ಟಿದ್ದರು. ಅವರ ಮುಂದೆ ಬೆಂಕಿಪೊಟ್ಟಣ ತೋರಿಸಿ ಓಡಿಹೋಗುವುದು ಅವುಗಳಿಗೊಂದು ಆಟ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ತಿಂಗಳಿಗೊಮ್ಮೆ ಕವಾಯತು ಇತ್ತು, ಅದೂ ಸೊಸೆಗೆ ರಜೆಯಿರುವ ದಿನವೇ. ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಎಲ್ಲರೂ ಕೆಳಗಿಳಿದು ಅಂಗಳದ ನಲ್ಲಿಯ ಹತ್ತಿರ ಬಂದು ನಿಲ್ಲಬೇಕು. ಯಾರ ಕೆಲಸ ಏನೆಂದು ಮೊದಲೇ ಗೊತ್ತುಮಾಡಿದ್ದರು. ಗಂಡ ಮನೆಯಲ್ಲಿದ್ದರೆ ಮೇನ್ ಸ್ವಿಚ್ಚು ಅವನದು, ಇಲ್ಲದಿದ್ದರೆ ಅದೂ ಸೊಸೆಯದೇ. ಗ್ಯಾಸ್ ಸೊಸೆಯದು. ಹೊರಡುವಾಗ ಬಾಗಿಲುಗಳನ್ನು ಎಳೆದುಕೊಂಡು ಬರಬೇಕು, ತೆರೆದಿಟ್ಟರೆ ಬೆಂಕಿಗೆ ಗಾಳಿ ಸಿಗುತ್ತದೆ. ಹೊಗೆಯಿದ್ದರೆ ಬಗ್ಗಿ ನಡೆಯಬೇಕು. ಗುಬ್ಬಿಗೂ ಒಂದು ಕೆಲಸ ಕೊಟ್ಟಿದ್ದರು. ಕೆಳಗೆ ಬಂದ ಮೇಲೆ ಅವಳು ಅಮ್ಮನ ಕೈ ಹಿಡಿದುಕೊಳ್ಳಬೇಕು, ಏನೇ ಆದರೂ ಬಿಡಬಾರದು. ಒಮ್ಮೆ ಹೊರಗೆ ಬಂದವರು ಮತ್ತೆ ಒಳಗೆ ಹೋಗಬಾರದು ಎಂಬುದು ಮಾವನ ಪ್ರಕಾರ ಎಲ್ಲಕ್ಕಿಂತ ದೊಡ್ಡ ನಿಯಮ.

"ಒಡವೆ ಅಂತ ಹೋಗ್ತಾರೆ, ಬೆಕ್ಕು ಅಂತ ಹೋಗ್ತಾರೆ," ಎನ್ನುತ್ತಿದ್ದರು. "ಹೋದೋರು ಹೋದ್ರು. ಯಾರೇ ಒಳಗಿರಲಿ, ಹೊರಗೆ ಬಂದೋರು ಹೊರಗೇ ಇರಬೇಕು. ಗೊತ್ತಾಯ್ತಾ ಗುಬ್ಬಿ?"

"ಗೊತ್ತಾಯ್ತು ತಾತ," ಎಂದು ಗುಬ್ಬಿ ಅಮ್ಮನ ಕೈಯನ್ನು ಕೆಂಪಾಗುವಷ್ಟು ಬಿಗಿಯಾಗಿ ಹಿಡಿದು ತೋರಿಸುತ್ತಿದ್ದಳು. ಮನೆಯಲ್ಲಿ ಕವಾಯತು ಇಷ್ಟಪಡುತ್ತಿದ್ದವಳು ಅವಳೊಬ್ಬಳೇ.

ಕವಾಯತು ಶುರುವಾಗುವುದು ಹೀಗೆ. ಮಾವ ಊರುಗೋಲು ಹಿಡಿದು ಮೊದಲೇ ಕೆಳಗೆ ಹೋಗುತ್ತಿದ್ದರು. ನಲ್ಲಿಯ ಕಟ್ಟೆಯ ಮೇಲೆ ಕೂತು ಮೇಲಕ್ಕೆ ಫೋನು ಮಾಡುತ್ತಿದ್ದರು. ಫೋನು ಗುಂಯ್ ಅಂದ ಕೂಡಲೇ ಮೇಲಿದ್ದವರು ಹೊರಡಬೇಕು. ಕೆಳಗೆ ಬಂದು ನಿಂತವರ ತಲೆ ಎಣಿಸಿ, ಯಾರು ಏನು ಮರೆತರು, ಯಾರು ಎಲ್ಲಿ ತಡಮಾಡಿದರು ಎಂದು ಒಬ್ಬೊಬ್ಬರ ಬೆವರಿಳಿಸುತ್ತಿದ್ದರು. ನೆಲಮಹಡಿಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಿಂದ ಈ ತಮಾಷೆ ನೋಡುತ್ತಿದ್ದಳು.

ಇತ್ತೀಚೆಗೆ ಸೊಸೆ ಒಂದು ವಿಷಯ ಗಮನಿಸಿದ್ದಳು. ಮಾವ ಮನೆಯಿಂದ ಹೊರಟ ಮೇಲೆ ಕೆಳಗಿನಿಂದ ಫೋನು ಬರುವುದು ತಡವಾಗುತ್ತಿತ್ತು. ಪ್ರತಿ ಸಲವೂ ಹಿಂದಿನದಕ್ಕಿಂತ ತಡ. ಅವಳು ಹಾಸಿಗೆಯ ಮೇಲೆ ಬಿದ್ದುಕೊಂಡು ಮೆಟ್ಟಿಲಿನ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಊರುಗೋಲು ಟಕ್ ಎನ್ನುತ್ತಿತ್ತು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಆಮೇಲೆ ಏನೂ ಇಲ್ಲ, ಆ ಏನೂ ಇಲ್ಲದ ಹೊತ್ತು ದೊಡ್ಡದಾಗುತ್ತಿತ್ತು. ಒಂದು ಸಲವಂತೂ ಫೋನು ಬರುವಷ್ಟರಲ್ಲಿ ಅವಳಿಗೆ ಒಂದು ನಿದ್ದೆಯೇ ಆಗಿತ್ತು. ವಾಪಸು ಹತ್ತಿಬರುವಾಗಲೂ ಅಷ್ಟೆ. ಗಾಳಿ ಚೆನ್ನಾಗಿದೆ, ನೀವು ನಡೀರಿ, ಆಮೇಲೆ ಬರ್ತೀನಿ, ಎಂದು ಕಟ್ಟೆಯ ಮೇಲೆಯೇ ಉಳಿದು, ಯಾರೂ ನೋಡದಾಗ ಹತ್ತಿ ಬರುತ್ತಿದ್ದರು.

ಒಂದು ದಿನ ಊಟಕ್ಕೆ ಬಡಿಸುತ್ತ ಅವಳು ಕೇಳಿಯೇಬಿಟ್ಟಳು.

"ಮಾವ, ನಿಜವಾಗ್ಲೂ ಬೆಂಕಿ ಬಿದ್ದರೆ ನೀವು ಮೇಲೇ ಇರ್ತೀರಲ್ಲ. ನಿಮ್ಮನ್ನ ಕರ್ಕೊಂಡು ಬರೋರು ಯಾರು? ಅದನ್ನ ಯಾರ ಪಾಲಿಗೂ ಹಚ್ಚೇ ಇಲ್ಲ ನೀವು."

ಮಾವನ ಕೈ ತಟ್ಟೆಯಲ್ಲೇ ನಿಂತಿತು.

"ನನಗೆ ಹೇಳ್ಕೊಡೋಕೆ ಬರ್ತೀಯಾ? ಬೆಂಕಿಯಿಂದ ಜನಾನ ಇಳಿಸ್ತಿದ್ದೋನು ನಾನು. ನನ್ನನ್ನ ಇಳಿಸ್ತೀಯಂತೆ ನೀನು."

"ನಿಮ್ಮ ಮಂಡಿ ನೋಯುತ್ತಲ್ಲ ಅಂತ ಕೇಳಿದೆ."

"ನನ್ನ ಮಂಡಿಗೆ ಏನೂ ಆಗಿಲ್ಲ. ಮೊದಲು ಆ ಬಾಣಲೆ ಹಿಡಿ ಒಳಗಡೆಗೆ ತಿರುಗಿಸು."

ಅವಳು ತಿರುಗಿಸಿದಳು. ಬೆಳೆಸಿದರೆ ಮಾತು ಜಗಳವಾಗುತ್ತಿತ್ತು, ಜಗಳಕ್ಕೆ ಬೇಕಾದ ಉಸಿರು ಅವಳಲ್ಲಿರಲಿಲ್ಲ. ಆದರೆ ಮನಸ್ಸಿನಲ್ಲಿ ಆ ಪ್ರಶ್ನೆ ಮುಳ್ಳಿನ ಹಾಗೆ ಮುರಿದುಕೊಂಡು ಉಳಿಯಿತು. ಮಾವನನ್ನು ಕಂಡರೆ ಅವಳಿಗೆ ಬೇಜಾರಿತ್ತು, ತಲೆ ಚಿಟ್ಟು ಹಿಡಿಯುತ್ತಿತ್ತು, ಬಾಯಿ ಮುಚ್ಚಿದರೆ ಸಾಕಪ್ಪಾ ಎನಿಸುತ್ತಿತ್ತು. ಇಲ್ಲದೆ ಹೋಗಲಿ ಎಂದು ಮಾತ್ರ ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಗುಬ್ಬಿಗೆ ಜ್ವರ ಬಂದಾಗ ಇವಳು ಡ್ಯೂಟಿಗೆ ಹೋಗಿ ಬರುವವರೆಗೆ ತೊಡೆಯ ಮೇಲೆ ಮಲಗಿಸಿಕೊಂಡು, ಕಾಲು ಜೋಮು ಹಿಡಿದರೂ ಮಿಸುಕದೆ ಕೂತಿರುತ್ತಿದ್ದ ಮನುಷ್ಯ ಅದು.

ಅಂದು ಅವಳಿಗೆ ರಜೆ. ವಾರವೆಲ್ಲ ಲಾಂಡ್ರಿಯಲ್ಲಿ ಒಂದು ಯಂತ್ರ ಕೆಟ್ಟು, ಉಳಿದವುಗಳ ಮೇಲೆ ಎರಡರಷ್ಟು ಕೆಲಸ ಬಿದ್ದು, ಮೈಯೆಲ್ಲ ಹಣ್ಣಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಮಲಗಿದವಳಿಗೆ ಜಗತ್ತಿನ ಪರಿವೆ ಇರಲಿಲ್ಲ. ಗಂಡ ಡ್ಯೂಟಿಯಲ್ಲಿದ್ದ. ಗುಬ್ಬಿ ಅವಳ ಪಕ್ಕದಲ್ಲೇ ನೆಲದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದಳು.

ಬಾಗಿಲಿಗೆ ಊರುಗೋಲಿನಿಂದ ಬಡಿಯುವ ಸದ್ದಿಗೆ ಎಚ್ಚರವಾಯಿತು.

"ಏಳು! ಏಳಮ್ಮಾ! ಹೊರಡಿ!"

ಇವತ್ತೂ ಶುರುವಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಕಣ್ಣು ಮುಚ್ಚಿಕೊಂಡೇ, "ಮಾವ, ಇವತ್ತೊಂದಿನ ಬಿಟ್ಬಿಡಿ, ನಿಮ್ಮ ದಮ್ಮಯ್ಯ," ಎಂದಳು.

"ಕವಾಯತಲ್ಲ ಕಣೇ! ನನ್ನ ರೂಮು ಹತ್ಕೊಂಡಿದೆ!"

ಅವಳು ಎದ್ದು ಹೊರಗೆ ಬಂದಳು. ಮಾವನ ಕೋಣೆಯ ಬಾಗಿಲು ಮುಚ್ಚಿತ್ತು. ಕೆಳಗಿನ ಸಂದಿಯಿಂದ ಬೂದುಬಣ್ಣದ ಹೊಗೆ ತೆಳ್ಳಗೆ ಹರಿದು ಬರುತ್ತಿತ್ತು, ಹತ್ತಿ ಸುಟ್ಟ ವಾಸನೆ. ಮಾವ ಬಚ್ಚಲಿನಿಂದ ತಂದ ಒದ್ದೆ ಟವೆಲನ್ನು ಊರುಗೋಲಿನ ತುದಿಯಿಂದ ಆ ಸಂದಿಗೆ ತುರುಕುತ್ತಿದ್ದರು. ಇನ್ನೊಂದು ಕೈಯಲ್ಲಿ ಫೋನು ಹಿಡಿದು ದಳಕ್ಕೆ ವಿಳಾಸ ಹೇಳುತ್ತಿದ್ದರು. ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಅವಳು ಮಾಡಿದಳು ಎನ್ನುವುದಕ್ಕಿಂತ ಅವಳ ಕೈಕಾಲು ಮಾಡಿದವು ಎನ್ನಬೇಕು. ಮೇನ್ ಸ್ವಿಚ್ಚು ಕೆಳಗೆಳೆದಳು. ಅಡುಗೆಮನೆಗೆ ಹೋಗಿ ರೆಗ್ಯುಲೇಟರ್ ತಿರುಗಿಸಿದಳು. ಬಾಗಿಲು ಎಳೆದುಕೊಂಡಳು. ಗುಬ್ಬಿಯ ಕೈ ಹಿಡಿದಳು.

"ಮಾವ, ಬನ್ನಿ."

"ನೀನು ನಡಿ. ನಾನು ಹಿಂದೇನೇ ಬಂದೆ."

ಅವಳು ನಡೆದಳು. ಎಷ್ಟೋ ತಿಂಗಳು ಇಳಿದಿಳಿದು ಸವೆದ ಅಭ್ಯಾಸ ಅವಳನ್ನು ತಳ್ಳಿಕೊಂಡು ಹೋಯಿತು. ಒಬ್ಬರ ಹಿಂದೆ ಒಬ್ಬರು ಮಾತ್ರ ಇಳಿಯಬಹುದಾದ ಇಕ್ಕಟ್ಟಿನ ಮೆಟ್ಟಿಲು, ತಿರುವು, ಮತ್ತೆ ಮೆಟ್ಟಿಲು, ಮತ್ತೆ ತಿರುವು. ಅಂಗಳಕ್ಕೆ ಬಂದು, ನಲ್ಲಿಯ ಹತ್ತಿರ ನಿಂತು, ಎಣಿಸಿಕೊಳ್ಳಲೆಂದು ತಲೆ ಎತ್ತಿದಳು.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಯಾವ ಕವಾಯತಿನಲ್ಲೂ ಮಾವ ಹಿಂದೆ ಬಂದದ್ದೇ ಇಲ್ಲ. ಕೆಳಗೆ ಬಂದರೆ ಅವರು ಅಲ್ಲಿ ಇದ್ದೇ ಇರುತ್ತಾರೆ ಎಂದು ಅವಳ ಕಾಲು ನಂಬಿಕೊಂಡು ಬಂದಿತ್ತು, ತಲೆ ಕೇಳುವುದನ್ನು ಮರೆತಿತ್ತು. ಹಿಂದೇನೇ ಬಂದೆ ಎಂದಾಗ ಹೇಗೆ ಬರುತ್ತೀರಿ ಎಂದು ಕೇಳಬೇಕಾದವಳು ಅವಳು. ಅಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಬೇಕಾದ ಹೊತ್ತಿಗೆ ಬಾಯಿಗೆ ಬಂದಿರಲಿಲ್ಲ.

ಮೆಟ್ಟಿಲ ಬಾಗಿಲಿನಿಂದ ನಾಲ್ಕನೆಯ ಮಹಡಿಯ ಗಂಡಹೆಂಡತಿ ಇಬ್ಬರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಏದುಸಿರು ಬಿಡುತ್ತ ಹೊರಗೆ ಬಂದರು. ಟೈಲರಮ್ಮ ಅಳತೆ ಪಟ್ಟಿ ಕೊರಳಲ್ಲೇ ನೇತಾಡಿಸಿಕೊಂಡು ಓಡಿ ಬಂದಳು.

"ನಮ್ಮ ಮಾವ? ನಮ್ಮ ಮಾವನ್ನ ನೋಡಿದ್ರಾ?"

"ನಿಮ್ಮನೆ ಬಾಗಿಲಾಚೆ ಮೂಲೇಲಿ ಕೂತಿದಾರೆ," ಎಂದ ನಾಲ್ಕನೆಯ ಮಹಡಿಯವನು. "ಬನ್ನಿ ಅಂದೆ. ನೀವು ನಡೀರಿ, ದಾರಿ ಬಿಟ್ಟಿದೀನಿ, ಮಕ್ಕಳನ್ನ ಇಳಿಸಿ ಅಂದ್ರು. ಕೈಯಲ್ಲಿ ಈ ಎರಡು ಇದ್ವಲ್ಲ, ನಾನೇನು ಮಾಡ್ಲಿ?"

ಅವಳು ಮೆಟ್ಟಿಲಿನ ಕಡೆಗೆ ತಿರುಗಿದಳು. ಕೈಯನ್ನು ಯಾರೋ ಜಗ್ಗಿದರು. ಗುಬ್ಬಿ. ಎರಡೂ ಕೈಯಿಂದ ಹಿಡಿದುಕೊಂಡು, ಕಾಲು ನೆಲಕ್ಕೆ ಊರಿ, ಅಳುತ್ತ ನಿಂತಿತ್ತು ಮಗು.

"ಹೋಗಬಾರ್ದು ಅಮ್ಮಾ! ಹೊರಗೆ ಬಂದೋರು ಹೊರಗೇ ಇರ್ಬೇಕು! ತಾತ ಹೇಳಿದಾರೆ!"

"ಬಿಡು ಗುಬ್ಬಿ."

"ಬಿಡಲ್ಲ! ಏನೇ ಆದ್ರೂ ಬಿಡಬಾರ್ದು ಅಂದಿದಾರೆ!"

ಮಗು ತನ್ನ ಕೆಲಸ ಚಾಚೂ ತಪ್ಪದೆ ಮಾಡುತ್ತಿತ್ತು. ತಾತ ಕಲಿಸಿದ್ದು ಇದಕ್ಕೇ ಎಂದು ಆ ಕ್ಷಣದಲ್ಲಿ ಅವಳಿಗೆ ಹೊಳೆಯಿತು. ಯಾರೇ ಒಳಗಿರಲಿ ಎನ್ನುತ್ತಿದ್ದರಲ್ಲ, ಒಳಗೆ ಉಳಿಯುವವರು ಯಾರೆಂದು ಅವರಿಗೆ ಗೊತ್ತೇ ಇತ್ತು. ಇಷ್ಟು ದಿನ ಈ ಮನುಷ್ಯ ತಮಗೆಲ್ಲ ಕಲಿಸಿದ್ದು ತನ್ನನ್ನು ಬಿಟ್ಟು ಬರುವುದನ್ನು. ಅವಳಿಗೆ ದುಃಖಕ್ಕಿಂತ ಮೊದಲು ಕೆಟ್ಟ ಸಿಟ್ಟು ಬಂತು. ಗುಬ್ಬಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ಟೈಲರಮ್ಮನ ಕೈಯಲ್ಲಿಟ್ಟಳು.

"ಇವಳನ್ನ ಬಿಡಬೇಡಿ," ಎಂದವಳೇ ಹತ್ತತೊಡಗಿದಳು.

ಮೆಟ್ಟಿಲಲ್ಲಿ ಹೊಗೆಯಿರಲಿಲ್ಲ, ವಾಸನೆಯಷ್ಟೇ ಇತ್ತು. ಕೋಣೆಯ ಬಾಗಿಲು, ಮನೆಯ ಬಾಗಿಲು, ಎರಡನ್ನೂ ಮಾವ ಮುಚ್ಚಿದ್ದರು. ಮೇಲಿನ ತಿರುವಿನ ಮೂಲೆಯಲ್ಲಿ, ಇಳಿಯುವವರಿಗೆ ಅಡ್ಡವಾಗದ ಹಾಗೆ ಕಾಲು ಮಡಿಸಿ ಗೋಡೆಗೆ ಒತ್ತಿಕೊಂಡು ಕೂತಿದ್ದರು. ಊರುಗೋಲನ್ನೂ ಯಾರೂ ಎಡವದಂತೆ ಉದ್ದಕ್ಕೆ ಗೋಡೆಗೆ ಸೇರಿಸಿಟ್ಟಿದ್ದರು. ಬಸ್ಸಿಗೆ ಕಾಯುವವರ ಹಾಗೆ ನಿರಾಳವಾಗಿದ್ದ ಆ ಮುಖ ಅವಳನ್ನು ಕಂಡದ್ದೇ ಕೆಂಪೇರಿತು.

"ಯಾಕೆ ಬಂದೆ? ಬುದ್ಧಿ ಇದೆಯಾ ನಿನಗೆ? ಇಷ್ಟು ದಿನ ಕತ್ತೆಗೆ ಕಲಿಸಿದ್ನಾ ನಾನು?"

"ನೀವು ಯಾಕೆ ಇಳೀಲಿಲ್ಲ?"

"ಇಳೀತಿದ್ದೆ. ಮೇಲಿನವರು ಹೋಗ್ಲಿ ಅಂತ ಕೂತೆ."

"ಅವರು ಹೋಗಿ ಆಯ್ತಲ್ಲ. ಈಗ ಏಳಿ ನೋಡೋಣ."

ಮಾವ ಏಳಲಿಲ್ಲ. ಏಳಲು ನೋಡಿದರು, ಗೋಡೆಗೆ ಕೈ ಕೊಟ್ಟರು, ಮಂಡಿ ಮಾತು ಕೇಳಲಿಲ್ಲ. ಮತ್ತೆ ಕೂತರು. ಸೊಸೆಯ ಮುಖ ನೋಡದೆ ಮೆಟ್ಟಿಲನ್ನು ನೋಡುತ್ತ ಮಾತಾಡಿದರು.

"ಒಂದ್ಸಲ ಹೀಗೇ ಒಂದು ಮನೆ. ಮೆಟ್ಟಿಲೂ ಹೀಗೇ ಇಕ್ಕಟ್ಟು. ಮಗ ವಯಸ್ಸಾದ ಅಪ್ಪನ್ನ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಇಳಿಸ್ತಿದ್ದ. ಹಿಂದೆ ಅವನ ಹೆಂಡ್ತಿ ಮಕ್ಕಳು. ಮುಂದೆ ದಾಟೋಕೆ ಜಾಗ ಇಲ್ಲ. ಅಪ್ಪನೂ ಮಗನೂ ಬದುಕಿ ಉಳಿದ್ರು. ಹಿಂದಿದ್ದೋರು ಉಳೀಲಿಲ್ಲ. ಅವರನ್ನ ಎತ್ಕೊಂಡು ಬಂದೋನು ನಾನೇ." ಊರುಗೋಲನ್ನು ಗೋಡೆಗೆ ಇನ್ನಷ್ಟು ಒತ್ತಿಟ್ಟರು. "ನನ್ನನ್ನ ಯಾರ ಪಾಲಿಗೂ ಹಚ್ಚದೆ ಇದ್ದದ್ದು ಮರೆತಲ್ಲಮ್ಮಾ. ಯೋಚನೆ ಮಾಡೇ ಬಿಟ್ಟಿದ್ದು. ನೀನು ಇಳಿ. ದಳದವರು ಬರ್ತಾರೆ."

ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಾರ್ಜರು, ಬಾಣಲೆ, ಕೈಬಟ್ಟೆ ಎಂದು ಜೀವ ತಿಂದರಲ್ಲ ಎನಿಸಿತು ಅವಳಿಗೆ. ಆದರೆ ಅಳುತ್ತ ನಿಲ್ಲುವ ಹೊತ್ತಲ್ಲ ಅದು. ಮಾವನಿಗೆ ಬೆನ್ನು ಮಾಡಿ ಒಂದು ಮೆಟ್ಟಿಲು ಕೆಳಗೆ ಕುಕ್ಕರಗಾಲಿನಲ್ಲಿ ಕೂತಳು.

"ಕೊರಳಿಗೆ ಕೈ ಹಾಕಿ."

"ಹುಚ್ಚಾ? ನನ್ನ ಭಾರ ಗೊತ್ತಾ ನಿನಗೆ? ದಿನಾ ಸಂಜೆ ಬಂದು ಸುಸ್ತು ಸುಸ್ತು ಅಂತ ಬಿದ್ಕೊಳ್ಳೋಳು ನೀನು."

"ಒದ್ದೆ ಚಾದರದ ಭಾರ ನಿಮಗೆ ಗೊತ್ತಾ ಮಾವ? ಯಂತ್ರದಿಂದ ಒಂದಕ್ಕೊಂದು ಹೆಣೆದುಕೊಂಡು ಬರ್ತವೆ. ಬೆಳಿಗ್ಗಿಂದ ಸಂಜೇವರೆಗೆ ಅದನ್ನ ಎಳೆದು, ಎತ್ತಿ, ಗಾಡಿಗೆ ಹಾಕೋದು ನನ್ನ ಕೆಲಸ. ನನಗೆ ಸುಸ್ತಾಗೋದು ಮತ್ತೆ ಯಾಕೆ ಅಂದ್ಕೊಂಡಿದೀರಿ?"

ಎರಡು ಒಣಗಿದ ಕೈಗಳು ಅವಳ ಕೊರಳ ಸುತ್ತ ಬಂದವು, ಮೊದಲು ಸಡಿಲವಾಗಿ, ಆಮೇಲೆ ಬಿಗಿಯಾಗಿ. ಅವಳು ಅವರ ತೊಡೆಗಳ ಕೆಳಗೆ ಕೈ ಕೊಟ್ಟು, ಗೋಡೆಗೆ ಒರಗಿ, ಹಲ್ಲು ಕಚ್ಚಿ ಎದ್ದಳು. ಗುಬ್ಬಿಯನ್ನು ಉಪ್ಪುಮೂಟೆ ಮಾಡಿ ಮನೆ ತುಂಬ ತಿರುಗಿಸಿದ್ದುಂಟು, ಇದು ಆ ಉಪ್ಪುಮೂಟೆಯಲ್ಲ. ಮೊದಲ ಮೆಟ್ಟಿಲಿಗೇ ಸೊಂಟ ಛಳಕ್ಕೆಂದಿತು. ನಾಲ್ಕನೆಯದಕ್ಕೋ ಐದನೆಯದಕ್ಕೋ ಬೆವರು ಕಣ್ಣಿಗಿಳಿಯಿತು. ಒದ್ದೆ ಚಾದರ ಬಾಯಿ ಮುಚ್ಚಿಕೊಂಡಿರುತ್ತದೆ, ಮಾವ ಹಾಗಲ್ಲ. ಕಾಲು ಪೂರ್ತಿ ಊರು, ಗೋಡೆ ಕಡೆಗೇ ಇರು, ಕೆಳಗೆ ನೋಡು, ಮುಂದೆ ನೋಡಬೇಡ ಎಂದು ಅವಳ ಕಿವಿಯ ಪಕ್ಕದಲ್ಲೇ ಹೇಳುತ್ತ ಬಂದರು. ಎರಡನೆಯ ಮಹಡಿಯ ತಿರುವಿನಲ್ಲಿ ಅವಳು ವಾಲಿ, ಭುಜ ಗೋಡೆಗೆ ಉಜ್ಜಿ, ಇನ್ನೇನು ಬಿದ್ದೆವು ಅಂದುಕೊಂಡಳು.

"ಇಳಿಸು. ಸಾಕು," ಎಂದರು ಮಾವ ಮೆಲ್ಲಗೆ.

"ಸುಮ್ನಿರಿ ಮಾವ."

ಮಾವ ಸುಮ್ಮನಾದರು. ಅವಳ ನೆನಪಿನಲ್ಲಿ ತಾನು ಹಾಗೆ ಹೇಳಿದ್ದೂ, ಅವರು ಮಾತು ಕೇಳಿದ್ದೂ ಅದೇ ಮೊದಲು. ಉಳಿದ ಮೆಟ್ಟಿಲುಗಳನ್ನು ಇಬ್ಬರೂ ಉಸಿರು ಬಿಡುತ್ತ ಇಳಿದರು.

ಅವರು ಅಂಗಳಕ್ಕೆ ಬರುವುದಕ್ಕೂ ಅಗ್ನಿಶಾಮಕ ದಳದ ಬಂಡಿ ಬೀದಿಗೆ ತಿರುಗುವುದಕ್ಕೂ ಸರಿಹೋಯಿತು. ಸೊಸೆ ಮಾವನನ್ನು ಕಟ್ಟೆಯ ಮೇಲೆ ಇಳಿಸಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಗುಬ್ಬಿ ಓಡಿ ಬಂದು ಇಬ್ಬರ ಮೇಲೂ ಒಟ್ಟಿಗೆ ಬೀಳಲು ನೋಡಿ, ಯಾರ ಮೇಲೆ ಮೊದಲು ಸಿಟ್ಟು ಮಾಡಬೇಕೆಂದು ತಿಳಿಯದೆ ಅಳತೊಡಗಿದಳು. ದಳದವರು ಮೇಲೆ ಹೋದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಗಿಲು ಮುಚ್ಚಿದ್ದರಿಂದ ಬೆಂಕಿ ಮಾವನ ಹಾಸಿಗೆ, ಹೊದಿಕೆ, ಕಿಟಕಿಯ ಪರದೆ ಇಷ್ಟನ್ನು ತಿಂದು ಅಲ್ಲಿಗೇ ನಿಂತಿತ್ತು.

ಅಧಿಕಾರಿ ಕೆಳಗೆ ಬಂದಾಗ ಅವನ ಕೈಯಲ್ಲಿ ಅರ್ಧ ಕರಗಿದ ಏನೋ ಒಂದು ಚಪ್ಪಟೆ ವಸ್ತು ನೇತಾಡುತ್ತಿತ್ತು. ಅದರ ವೈರಿಗೆ ಅಲ್ಲಲ್ಲಿ ಕಪ್ಪು ಟೇಪು ಸುತ್ತಿತ್ತು. ಅವನು ಕಟ್ಟೆಯ ಮೇಲಿದ್ದವರನ್ನು ನೋಡಿ ಗಕ್ಕನೆ ನಿಂತ.

"ಸರ್! ನೀವಾ! ನಮಗೆ ಟ್ರೈನಿಂಗ್ ಕೊಟ್ಟೋರು ನೀವೇ ಅಲ್ವಾ ಸರ್?"

ಮಾವ ತಲೆಯಾಡಿಸಿದರು. ಅವರ ಕಣ್ಣು ಆ ಕರಗಿದ ವಸ್ತುವಿನ ಮೇಲಿತ್ತು.

"ಅಂದ್ಕೊಂಡೆ ಸರ್, ಬಾಗಿಲಿಗೆ ಒದ್ದೆ ಟವೆಲ್ ನೋಡಿದಾಗಲೇ ಗೊತ್ತಾಗಬೇಕಿತ್ತು. ನೋಡಿ ಸರ್, ಕಾರಣ ಇದು. ಶಾಖ ಕೊಟ್ಕೊಳ್ಳೋ ಪ್ಯಾಡು. ಹಳೇದು, ವೈರು ಕಿತ್ತು ಟೇಪು ಸುತ್ತಿದಾರೆ. ಆನ್ ಇದ್ದ ಹಾಗೇ ಮಡಿಸಿ ಹೊದಿಕೆ ಕೆಳಗೇ ಬಿಟ್ಟಿದಾರೆ. ನಿಮ್ಮಂಥೋರ ಮನೇಲಿ ಇಂಥದ್ದು! ಯಾರು ಸರ್ ಬಳಸ್ತಿದ್ದಿದ್ದು?"

ಸೊಸೆ ಆ ಪ್ಯಾಡನ್ನು ಅಂದಿನವರೆಗೆ ಕಂಡಿರಲಿಲ್ಲ. ಎಲ್ಲರ ಪ್ಲಗ್ಗು ಕೀಳಿಸುವ ಮನುಷ್ಯ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ, ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದದ್ದು ಈಗ ಗೊತ್ತಾಯಿತು. ಹೊಸದು ಬೇಕೆಂದರೆ ನೋವಿದೆಯೆಂದು ಒಪ್ಪಿಕೊಳ್ಳಬೇಕಲ್ಲ. ಮಾವನ ಕಡೆ ನೋಡಿದಳು. ಆ ಮುಖ ನೋಡಲಾಗಲಿಲ್ಲ ಅವಳಿಗೆ. ಅದೇ ದಳ, ಅದೇ ಸಮವಸ್ತ್ರ, ಕಲಿಸಿದ ಶಿಷ್ಯನೇ ಎದುರಿಗೆ ನಿಂತಿದ್ದ.

"ನಂದು," ಎಂದಳು. "ಬೆನ್ನು ನೋವು ನನಗೆ. ಲಾಂಡ್ರಿ ಕೆಲಸ. ಮಾವನ ಹಾಸಿಗೆ ಮೇಲೆ ಸ್ವಲ್ಪ ಮಲಗಿದ್ದೆ, ಆಫ್ ಮಾಡೋದು ಮರೆತೆ."

ಅಧಿಕಾರಿ ಅವಳಿಗೆ ಸರಿಯಾಗಿಯೇ ಹಚ್ಚಿದ. ಇಂಥವರು ಮನೆಯಲ್ಲಿದ್ದೂ ಕಲಿಯಲಿಲ್ಲವಲ್ಲ ಎಂದ. ಸವೆದ ವೈರಿಗೆ ಟೇಪು ಸುತ್ತುವುದು ಸಾವಿಗೆ ದಾರಿ ಮಾಡುವುದು ಎಂದ. ಮಡಿಸಿದ ಪ್ಯಾಡಿನಲ್ಲಿ ಶಾಖ ಹೊರಗೆ ಹೋಗಲು ದಾರಿಯಿರುವುದಿಲ್ಲ, ಅದರ ಮೇಲೆ ಹೊದಿಕೆ ಬೇರೆ ಎಂದ. ಸಾಲದ್ದಕ್ಕೆ ಹೊರಗೆ ಬಂದವಳು ಮತ್ತೆ ಹತ್ತಿದ್ದನ್ನು ಟೈಲರಮ್ಮ ಬಾಯಿಬಿಟ್ಟಿದ್ದಳು, ಅದಕ್ಕೂ ಸೇರಿಸಿ ಬೈದ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು. ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ, ಇವನು ಮಾವನಷ್ಟು ಚೆನ್ನಾಗಿ ಬೈಯುವವನೂ ಅಲ್ಲ. ಯಾವಾಗ ಮುಗಿಸುತ್ತಾನೋ, ಎಲ್ಲಾದರೂ ಕಾಲು ಚಾಚಿದರೆ ಸಾಕು ಎನ್ನುವುದೊಂದೇ ಅವಳ ತಲೆಯಲ್ಲಿತ್ತು.

"ಸಾಕು ನಿಲ್ಸಪ್ಪಾ," ಎಂದರು ಮಾವ.

ಅಧಿಕಾರಿ ನಿಲ್ಲಿಸಿದ.

"ಅವಳದ್ದಲ್ಲ ಅದು. ನಂದು. ಟೇಪು ಸುತ್ತಿದ್ದೂ ನಾನೇ."

ಅಧಿಕಾರಿ ಕರಗಿದ ಪ್ಯಾಡನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ. ಗುರುವಿಗೆ ಬೈಯುವುದು ಹೇಗೆಂದು ಅವನಿಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ, ಎಲ್ಲ ಮನೆಯವರಿಗೂ ಕೇಳುವ ಮಾಮೂಲು ಪ್ರಶ್ನೆಯನ್ನೇ, ತಲೆ ತಗ್ಗಿಸಿಕೊಂಡು ಕೇಳಿದ.

"ಮನೇಲಿ ತಾವಾಗೇ ಮೆಟ್ಟಿಲು ಇಳಿಯೋಕೆ ಆಗದೋರು ಯಾರಾದ್ರೂ ಇದಾರಾ ಸರ್? ಮುಂದೆ ಯಾವತ್ತಾದ್ರೂ ಕರೆ ಬಂದ್ರೆ ನಮಗೆ ಗೊತ್ತಿರಬೇಕು, ಅದಕ್ಕೆ ಕೇಳ್ತಿದೀನಿ."

ಸೊಸೆ ತಲೆ ಎತ್ತಲಿಲ್ಲ. ಈ ಸಲ ಅವರ ಬದಲಿಗೆ ಅವಳು ಉತ್ತರ ಹೇಳುವಂತಿರಲಿಲ್ಲ. ಮಾವ ಮಂಡಿಯ ಮೇಲೆ ಕೈಯಿಟ್ಟುಕೊಂಡು, ಕಟ್ಟಡದ ಮೆಟ್ಟಿಲ ಬಾಗಿಲನ್ನು ಬಹಳ ಹೊತ್ತು ನೋಡಿದರು.

"ಇದಾರೆ," ಎಂದರು. "ನಾನು."

ಅಧಿಕಾರಿಯ ದನಿ ಮೆತ್ತಗಾಯಿತು. "ನಾವು ಬರೋದು ತಡ ಆದ್ರೆ ನಿಮ್ಮನ್ನ ಇಳಿಸೋರು ಯಾರು ಸರ್?"

"ನಮ್ಮ ಸೊಸೆ," ಎಂದರು ಮಾವ. ಆಮೇಲೆ ತಮ್ಮ ಎಂದಿನ ದನಿಗೆ ಬಂದರು. "ಹೊರೋಕೇನೋ ಹೊರ್ತಾಳೆ. ತಿರುವಲ್ಲಿ ವಾಲ್ತಾಳೆ, ಅಲ್ಲಿ ಇನ್ನೂ ಅಭ್ಯಾಸ ಬೇಕು. ಮುಂದಿನ ರಜೆ ಯಾವತ್ತಮ್ಮಾ ನಿನಗೆ?"

ಸೊಸೆ ನೆಲದ ಮೇಲೆ ಕೂತಲ್ಲಿಂದಲೇ ಅವರನ್ನು ನೋಡಿದಳು. ಸೊಂಟ ಸೀಳಿಹೋಗುತ್ತಿತ್ತು, ಕಾಲಿನ ನಡುಕ ಇನ್ನೂ ನಿಂತಿರಲಿಲ್ಲ. ಯಾವತ್ತೆಂದು ಹೇಳಿದಳು.